ದೂರದರ್ಶನದ ಪ್ರಹಸನಗಳೂ ಗೃಹಸ್ಥರ ಮನೆಯೂ



ಮಹೋತ್ಸವದ ಇಂತಹ ಶುಭಸಮಯದಲ್ಲಿ ನಗೆಯ ವಿಷಯವನ್ನೆತ್ತಿಕೊಳ್ಳುವುದು ಲಘುವಾಯಿತೆಂದು ಕೆಲವರಿಗಾದರೂ ತೋರದಿರದು. ಆದರೆ ಈ ಮಂಟಪದಲ್ಲಿ ನೆರೆದವರೊಳಗೆ ಬಹುಮಂದಿ ಸಂಸಾರಸ್ಥರು; ಮಠದಿಂದ ಹಿಂದಿರುಗಿ ಅವರು ಸೇರುವುದು ಮನೆಯನ್ನೇ. ಆ ಮನೆಯ ಪಡಸಾಲೆಯಲ್ಲಿ ದಿನವೂ ಸಂಜೆ ಯಾರು ಬಂದು ಕುಳಿತು ಮಾತನಾಡುತ್ತಾರೆ, ಏನನ್ನು ಹೇಳಿ ನಗಿಸುತ್ತಾರೆ, ಆ ನಗೆಯ ಪೆಟ್ಟು ಯಾರ ಮೇಲೆ ಬೀಳುತ್ತದೆ ಎಂಬುದು ಅಲಕ್ಷಿಸತಕ್ಕ ಸಂಗತಿಯಲ್ಲ.

ಗಾಜಿಪುರದ ಓಣಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ನಡೆದುಹೋಗುವವನ ಕಿವಿಗೆ ಮನೆಮನೆಯ ಬಾಗಿಲಿನಿಂದಲೂ ಒಂದೇ ಬಗೆಯ ನಗೆಯು ಬೀಳುತ್ತದೆ. ಅದು ಎಲ್ಲಿಯೋ ಮುದ್ರಿಸಿಟ್ಟು, ಮಾತು ಮುಗಿದೊಡನೆ ಅಂಟಿಸಿದ ನಗೆ. ಒಳಗೆ ವಯಸ್ಸಾದ ತಾಯಿಯೊಬ್ಬಳು ಗೋಡೆಗೊರಗಿ ಕುಳಿತಿರುತ್ತಾಳೆ. ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯವನು ಪುಣೆಯಲ್ಲಿ, ಮಗಳು ಕೊಟ್ಟ ಮನೆಯಲ್ಲಿ. ಇಂತಹ ಮನೆಗಳು ಈ ಊರಿನಲ್ಲಿ ಒಂದೆರಡಲ್ಲ. ಟೀವಿಯೊಳಗೆ ಅತ್ತೆಯೊಬ್ಬಳು ಸೊಸೆಯೆದುರಿಗೆ ಪೆಚ್ಚಾಗುತ್ತಾಳೆ. ಮುದ್ರಿತ ನಗೆಯು ಮೊಳಗುತ್ತದೆ. ಕುಳಿತಿದ್ದ ಈ ತಾಯಿಯೂ ನಗುತ್ತಾಳೆ. ಆಕೆ ಏತಕ್ಕೆ ನಕ್ಕಳೆಂಬುದೇ ಇಂದಿನ ವಿಚಾರ.

ಈ ಯಂತ್ರವು ಕಲಬುರಗಿಯ ಸೀಮೆಗೆ ಬಂದ ಬಗೆಯನ್ನು ಇಲ್ಲಿಯ ಹಿರಿಯರು ಬಲ್ಲರು. ತರುಣರಿಗೆ ಅದು ಕಟ್ಟುಕಥೆಯಂತೆ ತೋರೀತು. ಟೀವಿಯು ಮೊದಲು ರಾಜಧಾನಿಗೆ ಬಂದು ಆಮೇಲೆ ಇತ್ತ ಹರಿದು ಬಂದುದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕೆಯವರ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಚಿತ್ರಗಳನ್ನು ಕಳುಹುವ ಒಂದು ಪ್ರಯೋಗವು ನಡೆಯಿತು. 'ಸೈಟ್' ಎಂದು ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡ ಜಿಲ್ಲೆಗಳು ಗುಲಬರ್ಗಾ, ರಾಯಚೂರು ಮತ್ತು ವಿಜಾಪುರ. ಶಾಲೆಯ ಅಂಗಳದಲ್ಲಿಯೋ ಪಂಚಾಯತಿಯ ಕಟ್ಟೆಯಲ್ಲಿಯೋ ಊರಿಗೊಂದೇ ಯಂತ್ರ. ಆಕಾಶಕ್ಕೆ ಮುಖವೆತ್ತಿದ, ತಂತಿಜಾಳಿಗೆಯ ದೊಡ್ಡದೊಂದು ಬುಟ್ಟಿ. ಕನ್ನಡದ ಕಾರ್ಯಕ್ರಮಗಳನ್ನು ಹೈದರಾಬಾದಿನಲ್ಲಿ ಸಿದ್ಧಪಡಿಸುತ್ತಿದ್ದರು. ಬೇಸಾಯ, ಆರೋಗ್ಯ, ಕುಟುಂಬಯೋಜನೆಗಳ ಉಪದೇಶದ ನಡುವೆ ಅಷ್ಟಿಷ್ಟು ಹಾಡು, ಆಟ. 1977ರಲ್ಲಿ ಗುಲಬರ್ಗಾದಲ್ಲಿಯೇ ದೂರದರ್ಶನದ ಕೇಂದ್ರವಾಯಿತು. ಬೆಂಗಳೂರಿಗೆ ಆ ಭಾಗ್ಯವು ಬಂದುದು 1981ರಲ್ಲಿ. ಹಿಂದುಳಿದ ಜಿಲ್ಲೆಯೆಂದು ಎಲ್ಲದರಲ್ಲಿಯೂ ಕಡೆಗೆ ನಿಂತ ಈ ನಾಡು ಇದೊಂದರಲ್ಲಿ ಮುಂದೆ ನಿಂತಿತೆಂಬುದನ್ನು ಹೇಳದೆ ಬಿಡುವುದು ಸರಿಯಲ್ಲ.

ಇದನ್ನು ವಿಸ್ತರಿಸಿದುದಕ್ಕೆ ಕಾರಣವುಂಟು. ಅಂದು ನೋಡುವವರು ಒಂದು ಊರು. ಗೌಡನ ಮನೆಯವರೂ ಕೂಲಿಯವರೂ, ಬೇರೆಬೇರೆ ಸಾಲಿನಲ್ಲಿಯೇ ಆಗಲಿ, ಒಂದೇ ಬೆಳಕಿನೆದುರು ಕುಳಿತರು. ಮುಂದೆ ಯಂತ್ರವು ಉಳ್ಳವರ ಪಡಸಾಲೆಗೆ ಬಂದಿತು. ನೆರೆಹೊರೆಯ ಮಕ್ಕಳು ಹೊಸ್ತಿಲ ಬಳಿ ಕುಳಿತು ನೋಡಿದರು. ಬಳಿಕ ಮನೆಗೊಂದಾಯಿತು, ನೋಡುವವರು ಒಂದು ಸಂಸಾರವಾದರು. ಈಗ ಕೈಗೊಂದು ಮೊಬೈಲು, ನೋಡುವವನು ಒಬ್ಬನು. ಪ್ರಹಸನದೊಳಗೆ ಸಂಸಾರವು ಕಿರಿದಾಗುತ್ತ ಬಂದ ಕಥೆಗೂ ಪ್ರಹಸನದ ಮುಂದೆ ಕುಳಿತವರು ಕಡಿಮೆಯಾಗುತ್ತ ಬಂದ ಕಥೆಗೂ ನಡೆದ ಹಾದಿಯೊಂದೇ.

ಮನೆಯೊಳಗಿನ ಜಗಳವನ್ನು ಆಡಿ ನಗಿಸುವುದು ಟೀವಿಯು ಕಂಡುಹಿಡಿದ ವಿದ್ಯೆಯಲ್ಲ. ಕುಲಗೋಡ ತಮ್ಮಣ್ಣನಿಂದ ಪ್ರಸಿದ್ಧಿಗೆ ಬಂದ ಶ್ರೀಕೃಷ್ಣ ಪಾರಿಜಾತವನ್ನು ಉತ್ತರ ಕರ್ನಾಟಕದಲ್ಲಿ ನೋಡದವರು ಯಾರು? ಒಂದು ಹೂವಿಗಾಗಿ ಇಬ್ಬರು ಸವತಿಯರ ನಡುವೆ ಸಿಕ್ಕಿಬಿದ್ದ ದೇವರ ಪೇಚಾಟವೇ ಅದರ ನಗೆಯ ಜೀವ. ನೋಡುವವರ ಊರಿನಲ್ಲಿ ಇಬ್ಬರು ಹೆಂಡಿರ ಮನೆಗಳು ಇದ್ದುದರಿಂದ ಆ ನಗೆಯು ನೆಲಕ್ಕೆ ಹತ್ತಿರವಾಗಿತ್ತು. 1955ರ ಹಿಂದೂ ವಿವಾಹ ಕಾಯಿದೆಯು ಎರಡನೆಯ ಹೆಂಡತಿಯನ್ನು ನ್ಯಾಯದ ಕಣ್ಣಿನಿಂದ ತೆಗೆದುಹಾಕಿತು. ಸತ್ಯಭಾಮೆಯ ಮುನಿಸು ಮಾತ್ರ ರಂಗದ ಮೇಲೆ ಉಳಿಯಿತು. ಮೈಸೂರ ಸೀಮೆಯಲ್ಲಿ ಕೈಲಾಸಂ ಅವರು 'ಟೊಳ್ಳುಗಟ್ಟಿ', 'ಹೋಂರೂಲು', 'ತಾಳಿಕಟ್ಟೋಕ್ಕೂಲಿನೇ' ಮೊದಲಾದ ನಾಟಕಗಳಲ್ಲಿ ಇಂಗ್ಲೀಷು ಕಲಿತ ಸಂಸಾರವನ್ನು ಮುಂದಿಟ್ಟು ನಗಿಸಿದರು. ಅಲ್ಲಿ ಸವತಿಯಿಲ್ಲ, ಬದಲಿಗೆ ವರದಕ್ಷಿಣೆಯುಂಟು, ಪರೀಕ್ಷೆಯುಂಟು, ಗಂಡಹೆಂಡಿರಲ್ಲಿ ಆಳುವವರು ಯಾರೆಂಬ ತಕರಾರುಂಟು. ಹೀಗೆ ಕಾಲಕಾಲಕ್ಕೆ ಮನೆಯಲ್ಲಿ ಯಾವ ಕಂಬವು ಅಲುಗುತ್ತದೆಯೋ ಅದಕ್ಕೇ ಪ್ರಹಸನಕಾರನು ಕೈಯಿಡುತ್ತಾನೆ.

1984ರಲ್ಲಿ ದೆಹಲಿಯ ದೂರದರ್ಶನದಿಂದ ಹಿಂದೀ ಧಾರಾವಾಹಿಗಳು ಹೊರಟವು. ನಿಜಾಮರ ಆಳಿಕೆಯಲ್ಲಿ ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರಿದ್ದ, ಬಜಾರಿನ ಮಾತೇ ದಖನಿಯಾಗಿದ್ದ ಕಲಬುರಗಿಗೆ ಅವು ಪರಭಾಷೆಯ ಆಟಗಳಾಗಿ ತೋರಲಿಲ್ಲ. ಈ ಅನುಕೂಲವು ಹಳೆಯ ಮೈಸೂರಿನವರಿಗಿರಲಿಲ್ಲ. 'ಹಮ್ ಲೋಗ್' ಪ್ರಹಸನವಲ್ಲ. ಕುಟುಂಬಯೋಜನೆಯ ಬೋಧೆಗೆಂದು ಹೊರಟು, ಬೋಧೆಯು ಹಿಂದುಳಿದು ಕುಟುಂಬದ ಕಥೆಯೇ ಗೆದ್ದ ಆಟವದು. ಅದೇ ವರ್ಷದ 'ಯೇ ಜೋ ಹೈ ಜಿಂದಗೀ' ಎಂಬುದು ಮಾತ್ರ ಶುದ್ಧ ಪ್ರಹಸನ. ಅದರಲ್ಲಿ ಗಂಡ, ಹೆಂಡತಿ, ಮತ್ತು ಅವರ ಮನೆಯಲ್ಲಿಯೇ ಇರುವ ಹೆಂಡತಿಯ ತಮ್ಮ. ಇದನ್ನು ಸ್ವಲ್ಪ ವಿಚಾರಿಸಬೇಕು. ಈ ಕಡೆಯ ಹಳೆಯ ಮನೆತನಗಳಲ್ಲಿ ಗಂಡನ ತಮ್ಮಂದಿರು ಮನೆಯಲ್ಲಿರುವುದು ಸಹಜ. ಹೆಂಡತಿಯ ತಮ್ಮನು ಬಂದು ತಿಂಗಳುಗಟ್ಟಲೆ ನಿಲ್ಲುವುದು ಎರಡು ಕಡೆಗೂ ನಾಚಿಕೆ. ಪ್ರಹಸನವು ಗಂಡನ ಕಡೆಯವರನ್ನು ಸದ್ದಿಲ್ಲದೆ ಹೊರಗಿಟ್ಟು, ಹೆಂಡತಿಯ ಕಡೆಯವನನ್ನು ಒಳಗೆ ತಂದಿತು. ಈ ಹೊತ್ತು ದೂರದ ಊರಿನಲ್ಲಿ ಕೂಸನ್ನು ಆಡಿಸಲು ಹೋಗುವವರು ಬಹುಮಟ್ಟಿಗೆ ಹುಡುಗಿಯ ತಾಯಿತಂದೆಗಳೇ ಎಂಬುದನ್ನು ನೆನೆದರೆ, ಆ ನಗೆಯು ಮುಂದಾಗುವುದನ್ನು ಮೊದಲೇ ಕಂಡಿತ್ತೆನ್ನಬೇಕು. 1995ರ 'ಹಮ್ ಪಾಂಚ್' ಐದು ಜನ ಹೆಣ್ಣುಮಕ್ಕಳ ತಂದೆಯ ಕಥೆ. ಹಿಂದೆ ಕಣ್ಣೀರಿನ ಕಥೆಯಾಗಬೇಕಾಗಿದ್ದುದು ನಗೆಯ ಕಥೆಯಾಯಿತು. ಅದು ಏಳಿಗೆಯೇ, ಆದರೂ ಅಪ್ಪನ ಪಾಡೇ ಅಲ್ಲಿ ನಗೆಗೆ ಆಧಾರವಾದುದರಿಂದ, ಹೆಣ್ಣು ಹೊರೆಯೆಂಬ ಹಳೆಯ ಭಾವವು ಹೊಸ ಬಟ್ಟೆಯನ್ನುಟ್ಟು ಒಳಗೆ ಬಂದಿತ್ತೆಂದರೆ ತಪ್ಪಾಗದು.

ಇನ್ನು ಕನ್ನಡದ ಪ್ರಹಸನಗಳು. ಬೆಂಗಳೂರು ದೂರದರ್ಶನದ ಮೊದಮೊದಲ ಧಾರಾವಾಹಿಗಳಲ್ಲಿ 'ಸಿಹಿಕಹಿ' ಒಂದು. ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಅವರ ಹೆಸರಿಗೆ ಆ ಶಬ್ದವು ಮನೆತನದ ಹೆಸರಿನಂತೆ ಅಂಟಿಕೊಂಡಿತು. ಮುಂದೆ ಅವರು ನಿಜಜೀವನದಲ್ಲಿಯೂ ದಂಪತಿಗಳಾದರು. ರಮೇಶ್ ಭಟ್ಟರ 'ಕ್ರೇಜಿ ಕರ್ನಲ್' ಅದೇ ದಶಕದ್ದು. 2000ದಲ್ಲಿ ಈಟೀವಿಯ ಕನ್ನಡ ವಾಹಿನಿಯು ಆರಂಭವಾದ ಮೇಲೆ ಚಂದ್ರು ಅವರ 'ಪಾ ಪ ಪಾಂಡು', 'ಸಿಲ್ಲಿ ಲಲ್ಲಿ', ಫಣಿ ರಾಮಚಂದ್ರರ 'ದಂಡಪಿಂಡಗಳು' ಮನೆಮನೆಯ ಮಾತಾದವು. ಹೆಂಡತಿಗೆ ಅಂಜಿ ನಡೆಯುವ ಪಾಂಡು, ಹೆಸರಿನಲ್ಲಿಯೂ ಅಧಿಕಾರದಲ್ಲಿಯೂ ಶ್ರೀಮತಿಯಾದ ಅವನ ಹೆಂಡತಿ. ಡಾಕ್ಟರ್ ವಿಠಲರಾಯ, ಸಮಾಜಸೇವೆಯ ಬಿರುದನ್ನು ತಾನೇ ಧರಿಸಿಕೊಂಡ ಲಲಿತಾಂಬೆ. ಕೆಲಸವಿಲ್ಲದ ಹುಡುಗರ ಗುಂಪು. ಪಾಂಡುವನ್ನು 2018ರಲ್ಲಿ ಮತ್ತೊಮ್ಮೆ ಬೇರೊಂದು ವಾಹಿನಿಯಲ್ಲಿ ಕರೆತಂದುದನ್ನು ನೋಡಿದರೆ ಜನರಿಗೆ ಅವನ ಮೇಲಿದ್ದ ಮಮತೆಯು ತಿಳಿಯುತ್ತದೆ.

ಈ ಆಟಗಳ ಮನೆಯನ್ನು ಲೆಕ್ಕಹಾಕಿ ನೋಡಬೇಕು. ಮೂರೋ ನಾಲ್ಕೋ ಜನ ಮನೆಯವರು, ಉಳಿದವರೆಲ್ಲರೂ ಹೊರಗಿನವರು. ನೆರೆಮನೆಯವನು, ಬಾಡಿಗೆಯವನು, ರೋಗಿ, ಅಡಿಗೆಯವಳು. ಇವರು ಕದ ತಟ್ಟದೆ ಒಳಗೆ ಬರುತ್ತಾರೆ, ಕೇಳದೆ ಕಾಫಿ ಕುಡಿಯುತ್ತಾರೆ, ಗಂಡಹೆಂಡಿರ ಜಗಳದಲ್ಲಿ ತೀರ್ಪು ಕೊಡುತ್ತಾರೆ. ಹಿಂದೆ ಈ ಕೆಲಸವನ್ನೆಲ್ಲ ಮಾಡುತ್ತಿದ್ದವರು ಕಾಕಾ, ಕಕ್ಕಿ, ಸೋದರತ್ತೆ, ಮೈದುನ, ನಾದಿನಿಯರು. ಅವರು ಹೊರಟುಹೋದ ತೆರವಿನಲ್ಲಿ ನೆರೆಯವರು ಬಂದು ಕುಳಿತರು. ಇದಕ್ಕೆ ಒಂದು ಕಾರಣವು ಯಂತ್ರದ್ದೇ. ಅಮೆರಿಕೆಯಲ್ಲಿ 1951ರಲ್ಲಿ ಆರಂಭವಾದ 'ಐ ಲವ್ ಲೂಸಿ' ಎಂಬ ಆಟವನ್ನು ಪ್ರೇಕ್ಷಕರೆದುರಿಗೆ ಮೂರು ಕ್ಯಾಮೆರಾಗಳನ್ನು ಹೂಡಿ ತೆಗೆಯುತ್ತಿದ್ದರು, ಒಂದು ಪಡಸಾಲೆ, ಒಂದು ಸೋಫಾ, ಒಂದು ಬಾಗಿಲು, ಎದುರಿನ ಗೋಡೆಯಿಲ್ಲ, ಬಾಗಿಲಿನಿಂದ ಬರುವವರು ನೆರೆಯ ದಂಪತಿಗಳು. ಆ ಮಾದರಿಯೇ ಲೋಕಕ್ಕೆಲ್ಲ ಹಬ್ಬಿತು. ಕಡಿಮೆ ಖರ್ಚಿನ ಒಂದು ಪಡಸಾಲೆಯಲ್ಲಿ ಹದಿನೆಂಟು ಜನರ ಮನೆತನವು ಹಿಡಿಸುವುದೆಂತು? ಎರಡನೆಯ ಕಾರಣವು ಮನೆಯದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಮೂರರ ಸಮೀಪವಿದ್ದ ಮಕ್ಕಳ ಸರಾಸರಿಯು 2019-21ರಲ್ಲಿ 1.7ಕ್ಕೆ ಇಳಿದಿತ್ತು. ಒಂದೇ ಮಗುವಿನ ಮನೆಯಲ್ಲಿ ಮುಂದಿನ ತಲೆಗೆ ಕಾಕನೂ ಇಲ್ಲ, ಸೋದರತ್ತೆಯೂ ಇಲ್ಲ. 'ನೆಗೆಣ್ಣಿ' ಎಂಬ ಶಬ್ದವನ್ನು ಬೆಂಗಳೂರಿನ ಯಾವ ಪ್ರಹಸನದಲ್ಲಿ ಹುಡುಕಬೇಕು? ಅಣ್ಣತಮ್ಮಂದಿರ ಹೆಂಡಿರು ಒಂದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ, ಅತ್ತೆಯನ್ನು ಆಡಿಕೊಳ್ಳುತ್ತ, ತಮ್ಮೊಳಗೆ ಮತ್ಸರ ಪಡುತ್ತ ಕಳೆದ ಬಾಳೆಲ್ಲವೂ ಆ ಒಂದು ಶಬ್ದದಲ್ಲಿದೆ. ಒಲೆಯು ಹೋಯಿತು, ಶಬ್ದವೂ ಅದರ ಬೆನ್ನುಹತ್ತಿ ಹೋಗುತ್ತಿದೆ.

ಆದರೂ ಅಳುವ ಧಾರಾವಾಹಿಗಳಿಗಿಂತ ನಗುವ ಧಾರಾವಾಹಿಗಳೇ ಸತ್ಯಕ್ಕೆ ಹತ್ತಿರವೆಂದು ಹೇಳಲು ಸಂಕೋಚಪಡಬೇಕಾದುದಿಲ್ಲ. ಅಳುವವುಗಳಲ್ಲಿ ಇಂದಿಗೂ ಅರಮನೆಯಂತಹ ಮನೆ, ನಡುವೆ ದೊಡ್ಡ ಮೆಟ್ಟಿಲು, ಅದರ ಮೇಲೆ ರೇಷ್ಮೆಯುಟ್ಟ ನಾಲ್ವರು ಸೊಸೆಯಂದಿರು, ಒಬ್ಬಳು ಹಾಲಿಗೆ ವಿಷ ಬೆರೆಸುತ್ತಿರುವಳು. ಅವಿಭಕ್ತ ಕುಟುಂಬವು ಊರಿನಲ್ಲಿ ಕಡಿಮೆಯಾದಷ್ಟೂ ಅಲ್ಲಿ ಬೆಳೆಯುತ್ತ ಹೋಯಿತು. ಅದೂ ಎಂತಹ ಕುಟುಂಬ! ಪ್ರಹಸನದ ಮನೆಯಲ್ಲಾದರೋ ಬಾಡಿಗೆ ಕೊಡಬೇಕು, ನೀರು ಬಾರದು, ಹೆಂಡತಿಯು ದುಡಿಯಲು ಹೋಗುವಳು, ಗಂಡನು ಅನ್ನ ಸೀಯಿಸುವನು. ಗಂಡನು ಸೌಟು ಹಿಡಿದುದೇ ಇಪ್ಪತ್ತು ವರ್ಷಗಳ ಹಿಂದೆ ನಗೆಗೆ ಸಾಕಾಗಿತ್ತು. ಈಗ ಅದಕ್ಕೆ ಅಷ್ಟು ನಗೆಯು ಬಾರದಿರುವುದೇ ಬದಲಾವಣೆಯ ಗುರುತು.

ಅತ್ತೆಯ ವಿಷಯಕ್ಕೆ ಬರೋಣ. 2004ರ 'ಸಾರಾಭಾಯ್ ವರ್ಸಸ್ ಸಾರಾಭಾಯ್' ಎಂಬ ಹಿಂದೀ ಪ್ರಹಸನದಲ್ಲಿ ಅತ್ತೆಸೊಸೆಯರು ಎದುರುಬದುರು ಬಾಗಿಲಿನ ಮನೆಗಳಲ್ಲಿರುವರು. ಒಲೆ ಬೇರೆ, ಜಗಳವೊಂದೇ. ಕಲಬುರಗಿಯಲ್ಲಿಯೂ ಮಗನು ಮೇಲಂತಸ್ತು ಕಟ್ಟಿಸಿಕೊಂಡು ಮೇಲೆ, ತಾಯಿ ಕೆಳಗೆ. ಬೇರೆಯಾದೆವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂತಹ ಮನೆಯಲ್ಲಿ ಪ್ರಹಸನದ ಅತ್ತೆಯು ಪೆಚ್ಚಾದಾಗ ಸೊಸೆಯು ನಗುವ ಮೊದಲು ಓರೆಗಣ್ಣಿನಿಂದ ಅತ್ತೆಯನ್ನು ನೋಡುವಳು. ಅತ್ತೆಯೇ ಮೊದಲು ನಕ್ಕುಬಿಟ್ಟರೆ ಇಬ್ಬರಿಗೂ ಹಗುರ. ಗೋಡೆಗೊರಗಿ ಕುಳಿತ ತಾಯಿಯು ನಕ್ಕುದಕ್ಕೆ ಇದೊಂದು ಕಾರಣವಿರಬಹುದು. ಮತ್ತೊಂದು ಕಾರಣವೂ ಉಂಟು: ಆಕೆಯೂ ಒಮ್ಮೆ ಸೊಸೆಯಾಗಿ ನಗಲಾರದೆ ನುಂಗಿಕೊಂಡ ನಗೆಯನ್ನು ಈಗ ನಲವತ್ತು ವರ್ಷ ತಡವಾಗಿ ನಗುತ್ತಿದ್ದಾಳೆ. ಪೇಟೆಯ ಪಂಡಿತರು ಅತ್ತೆಯನ್ನು ಹಾಸ್ಯಮಾಡುವುದು ಕೂಡದೆಂದು ಬರೆಯುವಾಗ ಈ ಎರಡನೆಯ ಕಾರಣವನ್ನು ಮರೆಯುವರು.

ನಿಜವಾದ ಪ್ರಹಸನವನ್ನು ಸರಕಾರವೇ ಬರೆದುದೂ ಉಂಟು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಯಜಮಾನಿ ಯಾರು? ಸಾವಿರಾರು ವರ್ಷಗಳಿಂದ ಬಾಯಿಬಿಟ್ಟು ಕೇಳದಿದ್ದ ಈ ಪ್ರಶ್ನೆಯನ್ನು ರೇಷನ್ ಚೀಟಿಯು ಒಂದೇ ದಿನದಲ್ಲಿ ಪ್ರತಿಯೊಂದು ಅಡಿಗೆಮನೆಗೂ ತಂದಿಟ್ಟಿತು. 2013ರ ಆಹಾರ ಭದ್ರತಾ ಕಾಯಿದೆಯು ಮನೆಯ ಹಿರಿಯ ಹೆಂಗಸೇ ಚೀಟಿಯ ಯಜಮಾನಿಯೆಂದು ಹೇಳಿರುವುದರಿಂದ ಕಾಗದದ ಮೇಲೆ ಅತ್ತೆಯು ಗೆದ್ದಳು. ಆದರೆ ಬ್ಯಾಂಕಿಗೆ ಕರೆದುಕೊಂಡು ಹೋಗುವವಳು, ಹೆಬ್ಬೆರಳನ್ನು ಹಿಡಿದು ಯಂತ್ರದ ಮೇಲೆ ಒತ್ತಿಸುವವಳು ಸೊಸೆ. ಈ ಇಬ್ಬರೂ ಆಟೋದಲ್ಲಿ ಕುಳಿತು ಹಿಂದಿರುಗುವಾಗ ನಡೆಯುವ ಸಂಭಾಷಣೆಯನ್ನು ಬರೆಯಬಲ್ಲ ಹಾಸ್ಯಗಾರನು ಬೇಕು.

ಇಲ್ಲಿಯವರ ಮನಸ್ಸಿಗೆ ನೋವಾಗುವ ಸಂಗತಿಯೊಂದುಂಟು, ಅದನ್ನು ಮರೆಮಾಚಬಾರದು. ಬೆಂಗಳೂರಿನ ಪ್ರಹಸನಗಳಲ್ಲಿ ಹಳ್ಳಿಯಿಂದ ಬಂದ ತಂದೆಯು ಒಂದು ಸಿದ್ಧವಾದ ಗೊಂಬೆ. ತಲೆಗೆ ರುಮಾಲು, ಹೆಗಲಿಗೆ ಗಂಟು. ಲಿಫ್ಟಿನಲ್ಲಿ ಸಿಕ್ಕಿಕೊಳ್ಳುವನು, ಸೊಸೆಯ ಗೆಳತಿಯರ ಮುಂದೆ ಜೋರಾಗಿ ಮಾತನಾಡುವನು. ಅವನ ಮಾತು ಬಹಳ ಸಲ ಉತ್ತರದ ಕನ್ನಡ. ಕಾವಲುಗಾರನ ಮಾತೂ, ಅಡಿಗೆಯವಳ ಮಾತೂ ಎಷ್ಟೋ ಆಟಗಳಲ್ಲಿ ಅದೇ. ಕಮಲಾಪುರದ ಕೆಂಪು ಬಾಳೆಯ ಗೊನೆ, ಶೇಂಗಾಹಿಂಡಿಯ ಡಬ್ಬಿ, ಬಟ್ಟೆಯಲ್ಲಿ ಸುತ್ತಿದ ಕಟಕರೊಟ್ಟಿಗಳನ್ನು ಹೊತ್ತು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಮಗನ ಮನೆಗೆ ಹೋಗುವ ತಂದೆಯು ಇಲ್ಲಿ ಯಾರ ಮನೆಯಲ್ಲಿಲ್ಲ? ಆ ಮಗನೂ ಸೊಸೆಯೂ ಮೊಮ್ಮಕ್ಕಳೂ ಅದೇ ಆಟವನ್ನು ನೋಡಿ ನಕ್ಕ ಮರುದಿನ ಈತನು ಬಾಗಿಲಲ್ಲಿ ನಿಂತರೆ, ಮೊಮ್ಮಗನ ಮುಖದ ಮೇಲೆ ನಿನ್ನಿನ ನಗೆಯ ಎಳೆಯೊಂದು ಉಳಿದಿರುತ್ತದೆ. ಅದನ್ನು ಕಂಡ ತಂದೆಯು ಮುಂದಿನ ಸಲ ಗಂಟನ್ನು ಚಿಕ್ಕದು ಮಾಡುವನು, ಮಾತನ್ನೂ ತಗ್ಗಿಸುವನು. ಪ್ರಹಸನಕಾರನು ಮನೆಯನ್ನು ಒಡೆಯಲಿಲ್ಲ. ಕೆಲಸ, ವಿದ್ಯೆ, ಬರಗಾಲಗಳು ಮಕ್ಕಳನ್ನು ದೂರ ಒಯ್ದವು. ಆದರೆ ದೂರ ಹೋದವನಿಗೆ ತನ್ನ ತಂದೆಯು ನಗೆಪಾಟಲೆಂದು ಕಲಿಸಿದ ಪಾಲು ಆತನದೇ.

ಇದೇ ಮಾತು ಹೇಳುವವನ ಬಾಯಲ್ಲಿದ್ದಾಗ ಆಗುವುದು ಬೇರೆ. ಗಂಗಾವತಿಯ ಪ್ರಾಣೇಶರು ಹಾಸ್ಯಭಾಷಣಗಳಲ್ಲಿ ಹೈದರಾಬಾದ್ ಕರ್ನಾಟಕದ ಮನೆಯ ಅತ್ತೆಸೊಸೆ, ಗಂಡಹೆಂಡಿರ ಸಂಗತಿಗಳನ್ನೇ ಎತ್ತಿಕೊಳ್ಳುವರು. ಬೆಂಗಳೂರಿನವರೂ ಬಿದ್ದು ಬಿದ್ದು ನಗುವರು. ಆದರೆ ಅಲ್ಲಿ ನಗೆಯನ್ನು ಆಳುವವನು ಈ ಕಡೆಯವನು. ಯಾವಾಗ ನಗಬೇಕು, ಯಾವಾಗ ನಿಲ್ಲಿಸಬೇಕೆಂಬ ಲಗಾಮು ಆತನ ಕೈಯಲ್ಲಿದೆ. ಆದುದರಿಂದ ಕೇಳಿ ಎದ್ದ ಮೇಲೆ ಇಲ್ಲಿಯವರ ತಲೆಯು ತಗ್ಗಿರುವುದಿಲ್ಲ.

ಈಚಿನ ಹಾಸ್ಯಪ್ರದರ್ಶನಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 2015ರ 'ಮಜಾ ಟಾಕೀಸ್', 2016ರ 'ಕಾಮಿಡಿ ಕಿಲಾಡಿಗಳು' ಮೊದಲಾದವುಗಳಲ್ಲಿ ಕಥೆಯೂ ಮನೆಯೂ ಹರಿದು ತುಣುಕುಗಳಾಗಿವೆ. ಗಂಡಸು ಸೀರೆಯುಟ್ಟು ಬಂದರೆ ಅರ್ಧ ನಗೆಯು ಮುಗಿದಂತೆಯೇ. ಶುದ್ಧ ಕನ್ನಡದ ನಿರೂಪಣೆಗೆ ಹೆಸರಾಗಿದ್ದ, 2024ರಲ್ಲಿ ತೀರಿಕೊಂಡ ಅಪರ್ಣಾ ಅವರು 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿಯಾಗಿ ತಮ್ಮ ಗಾಂಭೀರ್ಯವನ್ನೇ ಮುರಿದು ನಗಿಸಿದುದು ಅವುಗಳ ನಡುವೆ ನೆನಪಿನಲ್ಲಿ ಉಳಿಯತಕ್ಕುದು.

ಇಷ್ಟೆಲ್ಲ ಆಡಿದ ಪ್ರಹಸನಗಳು ಬಾಯಿಬಿಡದ ಸ್ಥಳವೊಂದಿದೆ. ಅದು ಹೊಲ. ಕರ್ನಾಟಕದಲ್ಲಿ 1994ರಿಂದಲೂ, ದೇಶಕ್ಕೆಲ್ಲ 2005ರಿಂದಲೂ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕುಂಟು. ತೊಗರಿಯ ಹೊಲದ ಬದುವಿನಲ್ಲಿ ನಿಂತು ಈ ಕಾಯಿದೆಯನ್ನು ಉಚ್ಚರಿಸಿದ ತಂಗಿಗೆ ತವರಿನಲ್ಲಿ ಏನಾಗುವುದೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ನಾಗಪಂಚಮಿಗೆ ಕರೆಯಲು ಬರುವ ಅಣ್ಣನು, ಉಂಡಿ ಕೊಟ್ಟು, ಸೀರೆ ಕೊಟ್ಟು, ಊಟವಾದ ಮೇಲೆ ಸಹಿಮಾಡುವ ಕಾಗದವೊಂದನ್ನು ಹೊರಗೆ ತೆಗೆಯುವನು. ಗಂಡಹೆಂಡಿರ ಜಗಳದಿಂದ ನೂರು ಸಂಚಿಕೆಗಳನ್ನು ಹಿಂಡಿದವರು ಈ ಒಂದು ಮಧ್ಯಾಹ್ನವನ್ನು ಮುಟ್ಟಲಿಲ್ಲ. ಬೆಂಗಳೂರಿನ ಬಾಡಿಗೆಮನೆಯ ಪಡಸಾಲೆಯಲ್ಲಿ ಹೊಲವು ಕಾಣಿಸದು ಎಂಬುದೊಂದು ಕಾರಣ. ನಗಿಸಿದರೆ ನೋಡುವವರ ಪಡಸಾಲೆಯಲ್ಲಿ ಅಣ್ಣತಂಗಿಯರಿಬ್ಬರೂ ಕುಳಿತಿರುವರೆಂಬ ಅಂಜಿಕೆಯು ಮತ್ತೊಂದು. ವೃದ್ಧರ ಪಾಲನೆಗೆಂದು 2007ರಲ್ಲಿ ಕಾಯಿದೆಯಾಗಿ, ಮಕ್ಕಳಿಂದ ಜೀವನಾಂಶವನ್ನು ಕೇಳಿ ಪಡೆಯುವ ದಾರಿಯೂ ತೆರೆದಿದೆ. ಆ ಕಚೇರಿಯ ಮೆಟ್ಟಿಲನ್ನು ಪ್ರಹಸನಗಳು ತುಳಿದುದು ವಿರಳ.

ಈ ಹೊತ್ತಿನಲ್ಲಿ ಪ್ರಹಸನವು ಅಂಗೈಗೆ ಬಂದಿದೆ. ಒಂದು ನಿಮಿಷದ ತುಣುಕು. ಬೆಂಗಳೂರಿನ ಮೊಮ್ಮಗಳು ತಾನು ನಕ್ಕುದನ್ನು ಗಾಜಿಪುರದ ಅಜ್ಜಿಯ ಮೊಬೈಲಿಗೆ ಕಳುಹುವಳು. ಅಜ್ಜಿಯು ಕನ್ನಡಕ ಹುಡುಕಿ, ನೆರೆಯ ಹುಡುಗನಿಂದ ಒತ್ತಿಸಿ, ಎರಡು ಸಲ ನೋಡುವಳು. ಅರ್ಧ ಮಾತು ಇಂಗ್ಲೀಷು; ತಿಳಿಯದು. ಫೋನು ಹಚ್ಚಿ, "ಅದು ಏನಂದ್ಲವ್ವಾ ಆಕಿ, ಅಷ್ಟ್ಯಾಕ ನಕ್ಕರು?" ಎಂದು ಕೇಳುವಳು. ಮೊಮ್ಮಗಳು ಬಿಡಿಸಿ ಹೇಳಹೋಗುವಳು. ಬಿಡಿಸಿದ ನಗೆಯು ನಗೆಯಾಗಿ ಉಳಿಯುವುದಿಲ್ಲ. ಅಷ್ಟರಲ್ಲಿ ಅಜ್ಜಿಯು ಊಟವಾಯಿತೇ ಎಂದು ಕೇಳಿರುವಳು, ನೆಗೆಣ್ಣಿಯ ಕಾಲುನೋವಿನ ಸುದ್ದಿಯನ್ನು ತೆಗೆದಿರುವಳು, ನೆಗೆಣ್ಣಿಯೆಂದರೆ ಯಾರೆಂದು ಮೊಮ್ಮಗಳು ಕೇಳಿರುವಳು. ಒಂದು ನಿಮಿಷದ ಆಟಕ್ಕೆ ಅರ್ಧ ತಾಸಿನ ಮಾತು ನಡೆದಿರುತ್ತದೆ.